ರಟ್ಟಿಲ್ಲದ ಕೈಪಿಡಿ

ಪತ್ರಿಕೋದ್ಯಮದ ಸುವರ್ಣಯುಗ ಯಾವಾಗ ಇತ್ತು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಖಚಿತ ಉತ್ತರವಿದೆ: ಪುಸ್ತಕ ಬರೆದವರು ಕೆಲಸಕ್ಕೆ ಸೇರಿದ ದಿನದಿಂದ ಅವರು ನಿವೃತ್ತರಾದ ದಿನದವರೆಗೆ. ಸುದ್ದಿ, ಸಂಪಾದಕರು, ಚುನಾವಣಾ ವರದಿಗಾರಿಕೆ ಇವುಗಳ ಬಗ್ಗೆ ಸಿಕ್ಕ ಹಳೆಯ ಪುಸ್ತಕಗಳನ್ನೆಲ್ಲ ನಾನು ಕೂಡಿಡುತ್ತೇನೆ. ಪ್ರತಿಯೊಂದರ ಮುನ್ನುಡಿ ಓದಿ ದಿನಚರಿಯ ಕೊನೆಯಲ್ಲಿ ಗೀಟು ಹಾಕುತ್ತೇನೆ. 'ಇಂದಿನ ಪತ್ರಿಕೋದ್ಯಮ ದಾರಿ ತಪ್ಪಿದೆ' ಎಂಬ ಕಾಲಂ ತುಂಬಿ ಪಕ್ಕದ ಪುಟಕ್ಕೆ ಹರಿದಿದೆ. 'ನಾನೂ ಒಮ್ಮೆ ತಪ್ಪಿದ್ದೆ' ಎಂಬ ಕಾಲಂನಲ್ಲಿ ಇನ್ನೂ ಮಸಿ ಬಿದ್ದಿಲ್ಲ. ಯಾರಾದರೂ ಒಪ್ಪಿಕೊಂಡಾರೆಂದು ಜಾಗ ಬಿಟ್ಟು ಕಾಯುತ್ತಿದ್ದೇನೆ.

ಈ ಚಟಕ್ಕೆ ಕಾರಣ ಬೆಳಗಾವಿಯ ಒಂದು ಸಣ್ಣ ಚಾನೆಲ್. ಓದು ಮುಗಿಸಿದ ಹೊಸದರಲ್ಲಿ ಅಲ್ಲಿ ಪರದೆಯ ಕೆಳಗೆ ಓಡುವ ಸಾಲುಗಳನ್ನು ಬರೆಯುವ ಕೆಲಸ ನನ್ನದಾಗಿತ್ತು. ಏನೇ ನಡೆದರೂ 'ಭಾರೀ' ಎಂದು ಸೇರಿಸಬೇಕು. ಭಾರೀ ಮಳೆ, ಭಾರೀ ಪ್ರತಿಭಟನೆ. ಒಂದು ದಿನ ಏನೂ ನಡೆಯಲಿಲ್ಲ. 'ಭಾರೀ ಮೌನ' ಎಂದು ಬರೆಸಿದರು. ಅಲ್ಲಿಂದ ಹೊರಬಿದ್ದು ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯಲು ಕುಳಿತೆ. ಅಂಕಿಗಳಿಗೆ ಯಾರೂ 'ಭಾರೀ' ಸೇರಿಸುವುದಿಲ್ಲ. ಆದರೂ ಆ ಬಿಟ್ಟ ಕೆಲಸ ಅಸಲಿಗೆ ಏನಾಗಿರಬೇಕಿತ್ತು ಎಂಬ ಕುತೂಹಲ ಹೋಗಲಿಲ್ಲ. ಹೊಸ ಪುಸ್ತಕ ಕೊಳ್ಳುವ ಸಂಬಳ ಸಂಘದವರು ಕೊಡುವುದಿಲ್ಲವಾದ್ದರಿಂದ ದಂಡಿನವರ ಕ್ಯಾಂಪ್ ಪ್ರದೇಶದ ಹಿಂದಿನ ರಸ್ತೆಯ ರದ್ದಿ ಅಂಗಡಿಯೇ ನನ್ನ ವಿಶ್ವವಿದ್ಯಾಲಯವಾಯಿತು.

ಅಂಗಡಿಯ ಯಜಮಾನರನ್ನು ನಾನು ಚಾಚಾ ಎನ್ನುತ್ತೇನೆ. ಅವರದೊಂದು ಪದ್ಧತಿಯಿದೆ. ರಟ್ಟು ಅಂಟಿದ ಹಾಳೆಗಳನ್ನು ಕಾಗದದ ಗಿರಣಿಯವರು ತೆಗೆದುಕೊಳ್ಳುವುದಿಲ್ಲ. ರಟ್ಟಿನ ಲಾರಿ ಬೇರೆ, ಕಾಗದದ ಲಾರಿ ಬೇರೆ. ಹಾಗಾಗಿ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಚಾಚಾ ಚಕ್ಕಳಮಕ್ಕಳ ಹಾಕಿ ಕುಳಿತು, ಗಟ್ಟಿ ರಟ್ಟಿನ ಪುಸ್ತಕಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು, ಕೋಳಿಯ ಪುಕ್ಕ ಕೀಳುವಂತೆ ಎರಡೂ ಕಡೆಯ ರಟ್ಟು ಕಿತ್ತು ಎಸೆಯುತ್ತಾರೆ. ಅದರ ಜೊತೆಗೆ ಹೆಸರಿನ ಪುಟವೂ ಕಿತ್ತು ಬರುತ್ತದೆ. ನಾನು ಸಂಘದ ಕೆಲಸ ಮುಗಿಸಿ ತಲುಪುವ ಹೊತ್ತಿಗೆ ದೊಡ್ಡ ದೊಡ್ಡ ಸಂಪಾದಕರು ಹೆಸರು ಕಳೆದುಕೊಂಡು ಮೂಲೆಯಲ್ಲಿ ಬಿದ್ದಿರುತ್ತಾರೆ. ನನ್ನ ಸಂಗ್ರಹದ ಅರ್ಧಕ್ಕೆ ಲೇಖಕರೇ ಇಲ್ಲ. ಓದುವಾಗ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಕಳೆದ ಬೇಸಿಗೆಯ ಒಂದು ಶನಿವಾರ ಹಾಗೆ ಸಿಕ್ಕಿದ್ದು ಒಂದು ತೆಳ್ಳನೆಯ ಕೈಪಿಡಿ. ತಾಲೂಕು ಮಟ್ಟದ ವರದಿಗಾರರಿಗಾಗಿ ಬರೆದದ್ದು. ಪುಟಗಳ ಅಂಚು ಇನ್ನೂ ಕತ್ತರಿಸಿರಲಿಲ್ಲ, ಅಂದರೆ ಯಾರೂ ಓದಿರಲಿಲ್ಲ. ಮನೆಯಲ್ಲಿ ತರಕಾರಿ ಚಾಕುವಿನಿಂದ ಬಿಡಿಸಿ ಓದತೊಡಗಿದೆ. ಇದರಲ್ಲಿ ಮುನ್ನುಡಿಯೇ ಇರಲಿಲ್ಲ. ಪ್ರಜಾಪ್ರಭುತ್ವದ ಕಂಬಗಳೂ ಇರಲಿಲ್ಲ. ಮೊದಲ ಅಧ್ಯಾಯವೇ ಜನ ಎಣಿಸುವುದು ಹೇಗೆ ಎಂದು. ಮೆರವಣಿಗೆ ಒಂದು ಕಂಬ ದಾಟುವಾಗ ಸಾಲಿನಲ್ಲಿ ಎಷ್ಟು ಮಂದಿ ನೋಡಿ, ಸಾಲುಗಳನ್ನು ಎಣಿಸಿ. ಆಮೇಲೆ ಚಹಾದವನಿಗೆ ಎಷ್ಟು ಕಪ್ಪು ಹೋಯಿತೆಂದು ಕೇಳಿ. ಸಂಘಟಕರು ಹೇಳಿದ್ದನ್ನೂ ವಿರೋಧಿಗಳು ಹೇಳಿದ್ದನ್ನೂ ಬರೆದುಕೊಳ್ಳಿ, ಆದರೆ ಕೂಡಿಸಿ ಭಾಗಿಸಬೇಡಿ. ಮರುದಿನ ಬೆಳಿಗ್ಗೆ ಇಬ್ಬರೂ ಬೈಯಲು ಬರುತ್ತಾರೆ, ಕೂರಿಸಿ ಚಹಾ ಕೊಡಿ; ನೀವು ಅಲ್ಲಿದ್ದಿರಿ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಉದಾಹರಣೆಗಳೆಲ್ಲ ಖಾನಾಪುರದವು. ಜಾಂಬೋಟಿಯಿಂದ ಬಸ್ಸು ಬರದೆ ಸಭೆ ತಡವಾದದ್ದು, ಹಲಸಿಯ ಗುಡಿ ನೋಡಲು ಬಂದ ಮಂತ್ರಿ ಕಾರಿನಿಂದ ಇಳಿಯದೇ ಇದ್ದದ್ದು. ಬರೆದವರು ಅಲ್ಲಿಯವರೇ ಇರಬೇಕೆಂದು ಮುಂದಿನ ಭಾನುವಾರ ರೈಲು ಹತ್ತಿದೆ.

ಖಾನಾಪುರದಲ್ಲಿ ಹಳೆಯ ವರದಿಗಾರರ ಬಗ್ಗೆ ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಒಬ್ಬ ರಿಕ್ಷಾದವನು, "ವರದಿಗಾರ ಅಂದ್ರ ಯಾರಂತ ಗೊತ್ತಿಲ್ರಿ. ಪೇಪರ್ ಕಾಕಾ ಒಬ್ಬರ ಅದಾರ, ಅಲ್ಲಿ ಕೇಳ್ರಿ" ಎಂದು ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯತ್ತ ಕೈ ತೋರಿಸಿದ. ಮುಂದೆ ಜೆರಾಕ್ಸ್ ಯಂತ್ರ, ಹಿಂದೆ ನೋಟುಪುಸ್ತಕಗಳ ರಾಶಿ, ನಡುವೆ ದಪ್ಪ ಕನ್ನಡಕದ ಒಬ್ಬ ಮುದುಕ. ಕೈಪಿಡಿಯನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ತೆರೆಯಲಿಲ್ಲ, ಮಗುಚಿ ಹಿಂಭಾಗ ಮುಟ್ಟಿ ನೋಡಿದರು.

"ಹಿಂದಿನ ರಟ್ಟು ಎಲ್ಲೈತಿ?"

"ಇಲ್ರಿ. ರದ್ದಿಯವರು ಕಿತ್ತಾರ."

"ಮುಂದಿಂದು ಹೋದ್ರ ಹೋಗ್ಲಿ. ಹಿಂದಿಂದಾದ್ರೂ ಉಳಿಸಾಕ ಬರ್ತಿದ್ದಿಲ್ಲೇನ ತಂಗಿ?"

ಒಳಗಿನಿಂದ ಅವರ ಹೆಂಡತಿ ಇಣುಕಿದರು. "ಬಂದವರಿಗೆ ಕುಂದರ್ರಿ ಅನ್ನೋದು ಬಿಟ್ಟು ರಟ್ಟು ಕೇಳಾಕತ್ತಾರ ನೋಡ. ಕುಂದರ ಬಾ ಯವ್ವಾ."

ಕುಳಿತ ಮೇಲೆ ವಿಷಯ ತಿಳಿಯಿತು: ಕೈಪಿಡಿ ಬರೆದವರು ಇವರೇ. ಆ ಕಾಲದಲ್ಲಿ ತಾಲೂಕಿನಲ್ಲಿ ಪತ್ರಿಕೆಯ ಏಜೆಂಟನೇ ವರದಿಗಾರ. ಬೆಳಿಗ್ಗೆ ಪೇಪರು ಹಂಚುವವನು ಸಂಜೆ ಸುದ್ದಿ ಕಳಿಸುತ್ತಿದ್ದ. ಇವರು ಒಂದು ಕನ್ನಡ ಪತ್ರಿಕೆಗೂ ಒಂದು ಮರಾಠಿ ಪತ್ರಿಕೆಗೂ ಏಜೆಂಟ್, ಹಾಗಾಗಿ ಎರಡಕ್ಕೂ ವರದಿಗಾರ. ಎರಡರಲ್ಲೂ ಹೆಸರು ಬರುತ್ತಿರಲಿಲ್ಲ, 'ನಮ್ಮ ಖಾನಾಪುರ ಪ್ರತಿನಿಧಿಯಿಂದ' ಎಂದಷ್ಟೇ. ಜೀವಮಾನವೆಲ್ಲ ಹಾಗೆ ಬರೆದ ಮನುಷ್ಯ ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸುವಾಗಲೂ ಮುಖಪುಟಕ್ಕೆ ಬರೆದುಕೊಟ್ಟದ್ದು ಅದನ್ನೇ. ಪ್ರೆಸ್ಸಿನವನು ಮರುಗಿ, ಹಿಂದಿನ ರಟ್ಟಿಗೆ ಫೋಟೊ ಅಂಟಿಸಿ, ಕೆಳಗೆ ಹೆಸರು, ಯಾವ ಯಾವ ಪತ್ರಿಕೆಗೆ ಬರೆದವರು ಎಂಬುದನ್ನು ಹಾಕಿದ್ದ. ಅವರು ವರದಿಗಾರರೆಂದು ಹೆಸರು ಸಮೇತ ಅಚ್ಚಾದದ್ದು ಅಲ್ಲೊಂದೇ ಕಡೆ. ಪ್ರತಿಗಳನ್ನೆಲ್ಲ ಹಂಚಿದ್ದರು. ಕೊನೆಯದನ್ನು, ಓದುತ್ತೇನೆಂದು ಪ್ರಮಾಣ ಮಾಡಿದ ಒಬ್ಬ ಪುಢಾರಿಗೆ ಕೊಟ್ಟಿದ್ದರು. ಅಂಚು ಕತ್ತರಿಸದ ಪುಟಗಳ ಸುದ್ದಿಯನ್ನು ನಾನು ಎತ್ತಲಿಲ್ಲ.

ಈಗ ಅವರು ಗ್ರಾಮೀಣ ಪತ್ರಕರ್ತರ ಪಿಂಚಣಿಗೆ ಅರ್ಜಿ ಹಾಕಿದ್ದರು. ಅದು ವಾಪಸು ಬಂದಿತ್ತು, ಮೇಲೊಂದು ಷರಾ: 'ಅರ್ಜಿದಾರರು ಪತ್ರಿಕಾ ವಿತರಕರೆಂದು ಕಂಡುಬರುತ್ತದೆ. ಪತ್ರಕರ್ತರೆಂಬುದಕ್ಕೆ ದಾಖಲೆ ಒದಗಿಸಿ.' ತಿಂಗಳ ಕೊನೆಯವರೆಗೆ ಸಮಯ. ಕನ್ನಡ ಪತ್ರಿಕೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮರಾಠಿ ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಹೊಸಬರು.

"ರೊಕ್ಕದ ಮಾತಲ್ಲ ತಂಗಿ. ವಿತರಕ ಅಂತ ಬರದಾರ. ವಿತರಕ!" ಎಂದರು.

"ಹಂಚಿಲ್ಲೇನ ಮತ್ತ? ಮಳ್ಯಾಗ ಪ್ಲಾಸ್ಟಿಕ್ ಹೊದ್ದಕೊಂಡು ಹಂಚಿದ್ದು ನಾ ನೋಡೇನಿ. ಬರದಿದ್ದು ಯಾರ ನೋಡ್ಯಾರ?" ಎಂದು ಒಳಗಿನಿಂದ ದನಿ ಬಂತು.

ಸೋಮವಾರ ಸಂಘಕ್ಕೆ ತಡವಾಗಿ ಬರುವುದಾಗಿ ಹೇಳಿ ಚಾಚಾನ ಅಂಗಡಿಗೆ ಓಡಿದೆ.

"ರಟ್ಟಾ? ಅದ್ರಾಗ ಓದೋದು ಏನೈತಿ ಬೇಟಿ?"

"ಒಬ್ಬರ ಹೆಸರೈತಿ ಚಾಚಾ."

"ಎಲ್ಲಾ ರಟ್ಟಿನ ಮ್ಯಾಲೂ ಯಾರರ ಹೆಸರು ಇರ್ತೈತಿ. ಹೆಸರು ನೋಡ್ಕೋತ ಕುಂತ್ರ ನಾ ಅಂಗಡಿ ನಡಸಾಂವ ಹ್ಯಾಂಗ?" ಎಂದರೂ ಎದ್ದು ನನ್ನೊಂದಿಗೆ ಮೂಲೆಯ ಚೀಲಗಳನ್ನು ಸುರಿದರು. ಮದುವೆ ಆಲ್ಬಮ್ಮುಗಳ ಮಖಮಲ್ಲು ರಟ್ಟು, ಹತ್ತನೇ ತರಗತಿಯ ಗೈಡು, ಯಾರದೋ ಬೈಬಲ್ಲಿನ ಕಪ್ಪು ಚರ್ಮ. ನಮ್ಮದು ಲಾರಿ ಹತ್ತಿ ಹೋಗಿತ್ತು. ಆ ಹೊತ್ತಿಗೆ ಅದರ ಮೇಲಿನ ಫೋಟೊ ಸಮೇತ ಯಾವುದೋ ಚಪ್ಪಲಿಯ ಡಬ್ಬಿಯಾಗಿರಬೇಕು.

ಆ ವಾರವೆಲ್ಲ ಶೆಲ್ಫಿನ ಪುಸ್ತಕಗಳನ್ನು ತಿರುವಿದೆ. ದೆಹಲಿಯ ಗದ್ದುಗೆಗಳನ್ನು ಅಲುಗಾಡಿಸಿದವರ ಆತ್ಮಕಥೆಗಳಲ್ಲಿ ಖಾನಾಪುರದ ಷರಾಕ್ಕೆ ಉತ್ತರವಿರಲಿಲ್ಲ. ಕೊನೆಗೆ ಉತ್ತರ ಸಿಕ್ಕಿದ್ದು ಕೈಪಿಡಿಯ ಮೊದಲ ಅಧ್ಯಾಯದಲ್ಲೇ: ಬೈಯಲು ಬಂದವರು. ಖಾನಾಪುರಕ್ಕೆ ಫೋನು ಮಾಡಿದೆ.

"ನಿಮಗ ಅಗದಿ ಹೆಚ್ಚು ಬೈದವರು ಯಾರ್ರಿ?"

"ಇಬ್ಬರು ಅದಾರ. ಆದ್ರ ಅವರ ಕಡೆ ನಾ ಹೋಗಂಗಿಲ್ಲ" ಎಂದರು.

ಮುಂದಿನ ಭಾನುವಾರ ಅವರನ್ನು ಹೊರಡಿಸಿದ್ದು ನಾನಲ್ಲ, ಅವರ ಹೆಂಡತಿ. "ವಿತರಕರು ಮನ್ಯಾಗ ಕುಂದರ್ರಿ, ನಾನ ಹೋಗಿ ಬರ್ತೇನಿ" ಎಂದದ್ದೇ ತಡ, ಟೋಪಿ ಹಾಕಿಕೊಂಡು ಎದ್ದರು.

ಆ ಇಬ್ಬರು ಒಂದು ಕಾಲದಲ್ಲಿ ಖಾನಾಪುರವನ್ನು ಎಳೆದಾಡಿದ ಮುಖಂಡರು. ಒಬ್ಬರು ಕನ್ನಡದ ಮೆರವಣಿಗೆ ತೆಗೆಯುತ್ತಿದ್ದವರು, ಇನ್ನೊಬ್ಬರು ಮರಾಠಿ ಮೋರ್ಚಾ ತೆಗೆಯುತ್ತಿದ್ದವರು. ಈಗ ಇಬ್ಬರಿಗೂ ಮೊಣಕಾಲು ನೋವು, ಇಬ್ಬರಿಗೂ ಸ್ಟೇಷನ್ನಿನ ಒಂದೇ ಬೆಂಚು. ಎರಡು ಪತ್ರಿಕೆ ತರಿಸಿ ಅದಲುಬದಲು ಮಾಡಿಕೊಂಡು ಓದುತ್ತಾರೆ. ಈ ಊರಿನಲ್ಲಿ ಎಲ್ಲರಿಗೂ ಎರಡೂ ಭಾಷೆ ಬರುವುದರಿಂದ ಒಂದು ಸೌಲಭ್ಯವಿದೆ: ತಮ್ಮ ಪತ್ರಿಕೆ ಓದಿ ಖುಷಿಪಟ್ಟ ಮೇಲೆ ಎದುರಿನವರ ಪತ್ರಿಕೆ ಓದಿ ಸಿಟ್ಟಾಗಬಹುದು.

ನಮ್ಮ ವರದಿಗಾರರನ್ನು ಕಂಡದ್ದೇ ಮರಾಠಿ ಮುಖಂಡರು ಕೋಲು ಎತ್ತಿದರು. "ಆಲಾ ಬಘಾ! ಬಂದ ನೋಡ್ರಿ! ನಮ್ಮ ಮೋರ್ಚಾಕ್ಕ ಕನ್ನಡ ಪೇಪರದಾಗ 'ಬೆರಳೆಣಿಕೆ ಮಂದಿ' ಅಂತ ಬರದಾಂವ ಇಂವನ. ಹತ್ತು ಸಾವಿರ ಮಂದಿ ಇದ್ರು!"

"ಹತ್ತು ಸಾವಿರ? ಅರವತ್ತು ಮಂದಿ ಇದ್ರಿ, ಅದ್ರಾಗ ಇಪ್ಪತ್ತು ಪೊಲೀಸ್ರು," ಎಂದರು ಬಾಜು ಕುಳಿತ ಕನ್ನಡ ಮುಖಂಡರು. "ಅದನ್ನ ಮರಾಠಿ ಪೇಪರದಾಗ 'ಜನಸಾಗರ' ಅಂತ ಬರದಿದ್ದ ಈ ಮಾರಾಯ. ಮುಂದ ನಮ್ಮ ರಾಜ್ಯೋತ್ಸವ ಮೆರವಣಿಗಿಗೆ ಸಾಗರ ಒಣಗಿ ಹೋಗಿತ್ತು!"

"ನಾ ಎರಡಕ್ಕೂ ಆರನೂರು ಅಂತನ ಕಳಿಸಿದ್ದೆ," ಎಂದರು ವರದಿಗಾರರು, ಕೂರದೆ. "ಬೆರಳೂ ಸಾಗರಾನೂ ಪೇಪರ್ ಆಫೀಸಿನವರು ಹಾಕಿದ್ದು."

"ಖೋಟಂ!" "ಸುಳ್ಳು!" ಎರಡೂ ಒಟ್ಟಿಗೆ ಬಂದವು. ಗಡಿ ವಿಷಯದಲ್ಲಿ ಎರಡು ಕಡೆಯವರು ಒಮ್ಮತಕ್ಕೆ ಬಂದದ್ದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ. ಆ ಒಮ್ಮತ ಆರುವ ಮೊದಲೇ ಚೀಲದಿಂದ ಎರಡು ಹಾಳೆ ತೆಗೆದೆ.

"ಇದನ್ನ ಬರದು ಸಹಿ ಮಾಡ್ತೀರೇನ್ರಿ? ಇವರು ಬರೀ ಪೇಪರ್ ಹಂಚಿದವರು ಅಂತ ಸರ್ಕಾರದವರು ಅಂತಾರ."

"ಹಂಚಿದವರಾ?" ಕನ್ನಡ ಮುಖಂಡರಿಗೆ ಅವಮಾನವಾದಂತಾಯಿತು. "ಅಂದ್ರ ನಾ ಇಷ್ಟು ವರ್ಷ ಬೈದದ್ದು ಹಂಚಾವಗೇನು? ಕೊಡ ಇತ್ತ ಪೆನ್ನು."

ಒಬ್ಬರು ಕನ್ನಡದಲ್ಲಿ ಬರೆದರು, ಒಬ್ಬರು ಮರಾಠಿಯಲ್ಲಿ. ಸಾರಾಂಶ ಒಂದೇ: ಇವರು ಖಾನಾಪುರದಿಂದ ಹಲವು ವರ್ಷ ಸುದ್ದಿ ಕಳಿಸಿದ್ದಾರೆ, ಬರೆದದ್ದೆಲ್ಲ ಅತ್ಯಂತ ಸುಳ್ಳು, ಆದರೆ ಬರೆದದ್ದು ಇವರೇ ಎಂದು ಪ್ರಮಾಣೀಕರಿಸುತ್ತೇನೆ. ಮೋರ್ಚಾಕ್ಕೆ ಬಂದ ಜನರ ಸರಿಯಾದ ಸಂಖ್ಯೆಯನ್ನು ಇಬ್ಬರೂ ತಪ್ಪದೆ ಸೇರಿಸಿದರು, ತಮ್ಮ ತಮ್ಮ ಪ್ರಕಾರ. ವರದಿಗಾರರು ಎರಡೂ ಹಾಳೆಗಳನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಧನ್ಯವಾದ ಹೇಳುತ್ತಾರೆಂದುಕೊಂಡೆ.

"'ಅತ್ಯಂತ' ಯಾಕ? ಸುಳ್ಳು ಅಂದ್ರ ಸಾಕು," ಎಂದು ಎರಡರಲ್ಲೂ ಆ ಪದ ಹೊಡೆದು ಹಾಕಿದರು.

ಕಡತ ಗಡುವಿನೊಳಗೆ ಹೋಯಿತು. ಮಳೆ ಜೋರಾದಾಗ ಇಲಾಖೆಯಿಂದ ಇನ್ನೊಂದು ಷರಾ ಬಂತು: 'ಎರಡು ಪ್ರಮಾಣಪತ್ರಗಳಲ್ಲಿ ನಮೂದಿಸಿದ ಜನರ ಸಂಖ್ಯೆ ಪರಸ್ಪರ ಹೊಂದಾಣಿಕೆಯಾಗುವುದಿಲ್ಲ. ಸ್ಪಷ್ಟೀಕರಣ ನೀಡಿ.' ನಾನು ತಲೆ ಹಿಡಿದುಕೊಂಡೆ. ವರದಿಗಾರರಿಗೆ ಮಾತ್ರ ಹಿಡಿಸಲಾರದಷ್ಟು ಖುಷಿ. ಕೊನೆಗೂ ಯಾವುದೋ ಒಂದು ಕಚೇರಿ ಅವರ ಲೆಕ್ಕ ಕೇಳಿತ್ತು. 'ಆರುನೂರು. ಕಂಬ ದಾಟುವಾಗ ಎಣಿಸಿದ್ದು, ಚಹಾದವನ ಬಳಿ ತಾಳೆ ನೋಡಿದ್ದು' ಎಂದು ಒಂದೇ ಸಾಲು ಬರೆದು ಕಳಿಸಿದರು. ಅದನ್ನು ಯಾರೂ ತಿದ್ದಲಿಲ್ಲ.

ದಸರೆಯ ಹೊತ್ತಿಗೆ ಮಂಜೂರಾತಿ ಪತ್ರ ಬಂತೆಂದು ಫೋನು ಬಂತು. ಹೋದಾಗ ಅದನ್ನು ಜೆರಾಕ್ಸ್ ಯಂತ್ರದ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸಿದ್ದರು. ಅವರ ಹೆಸರು, ಮುಂದೆ 'ಪತ್ರಕರ್ತರು' ಎಂಬ ಪದ. ಅವರ ಹೆಂಡತಿ ಅದರ ಕೆಳಗೆ ಕುಂಕುಮದ ಬೊಟ್ಟು ಇಟ್ಟಿದ್ದರು. "ಬರದಿದ್ದು ಖರೇನ ಅಂತಾಯ್ತು ನೋಡ ಯವ್ವಾ. ಇನ್ನ ಮನಿ ಕಿರಾಣಿ ಚೀಟಿನೂ ಇವರೇ ಬರೀಲಿ" ಎಂದರು.

ನಾನು ಕೈಪಿಡಿಗೆ ಹೊಸ ರಟ್ಟು ಕಟ್ಟಿಸಿ ತಂದಿದ್ದೆ. ಖಾಲಿಯಿದ್ದ ಮೊದಲ ಪುಟ ತೆರೆದು ಪೆನ್ನು ಕೊಟ್ಟೆ. ನನ್ನ ದಿನಚರಿಯಲ್ಲಿ ಈ ಪುಸ್ತಕದ ಮುಂದೆ ಲೇಖಕರ ಕಾಲಂ ಇನ್ನೂ ಖಾಲಿ ಇದೆ, ಹೆಸರು ಬರೆದುಕೊಡಿ ಎಂದೆ.

ಅವರು ಕನ್ನಡಕ ಒರೆಸಿಕೊಂಡರು. ಮಂಜೂರಾತಿ ಪತ್ರವನ್ನೊಮ್ಮೆ ನೋಡಿದರು. ಆಮೇಲೆ ಬಗ್ಗಿ, ಅಭ್ಯಾಸವಾದ ಕೈಯಿಂದ, ಒಂದೇ ಉಸಿರಿಗೆ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು: 'ನಮ್ಮ ಖಾನಾಪುರ ಪ್ರತಿನಿಧಿಯಿಂದ.'