ಡಬ್ಬಿಯ ಮೇಲಿನ ಮುಖ

ರಾಯದುರ್ಗದಲ್ಲಿ ನಾನು ಜಾಹೀರಾತಿಗೆ ಅಂತ ತೆಗೆದ ಫೋಟೋಗಳಲ್ಲಿ ಮುಕ್ಕಾಲು ಪಾಲಿಗೆ ತಲೆಯೇ ಇಲ್ಲ. ಹೊಕ್ಕುಳಿಂದ ಬೂಟಿನ ತುದಿಯವರೆಗೆ, ಅಷ್ಟೇ. ಊರಿನ ಓಣಿ ಓಣಿಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ ಕಾಲ ಅದು. ಬೆಳಗಾದರೆ ಮಿಷನ್ನುಗಳ ಸದ್ದು, ಮಧ್ಯಾಹ್ನವಾದರೆ ಚರಂಡಿಯಲ್ಲಿ ನೀಲಿ ನೀರು. ಹೊಲಿದ ಪ್ಯಾಂಟನ್ನು ಮಡಚಿ ತುಂಬುವ ರಟ್ಟಿನ ಡಬ್ಬಿಯ ಮೇಲೆ ಒಂದು ಫೋಟೋ ಬೇಕಿತ್ತು. ಅದನ್ನು ತೆಗೆಯುವುದು ನನ್ನ ಹೊಟ್ಟೆಪಾಡು. ಮದುವೆ, ನಾಮಕರಣಕ್ಕೆ ಹೋಗುವ ಫೋಟೋಗ್ರಾಫರುಗಳು ಊರಲ್ಲಿ ಬೇರೆ ಇದ್ದರು. ನಾನು ಕಾಲುಗಳ ಫೋಟೋಗ್ರಾಫರು.

ಮುಖ ಯಾಕೆ ಬೇಡ ಎಂದು ಶುರುವಿನಲ್ಲೇ ಜೀನ್ಸ್ ಘಟಕದ ಒಬ್ಬ ಮಾಲೀಕರನ್ನು ಕೇಳಿದ್ದೆ. ನನಗೆ ಹೆಚ್ಚು ಕೆಲಸ ಕೊಡುತ್ತಿದ್ದವರು ಅವರೇ. ಎಲೆ ಅಡಿಕೆ ಜಗಿಯುತ್ತ ಹೇಳಿದರು: "ಮುಖ ಬ್ಯಾಡ್ರಿ ಮಾರಾಯ್ರ. ಮುಖ ಕಂಡ್ರ ನಮ್ಮೂರ ಮಾಲು ಅಂತ ಗೊತ್ತಾಗ್ತದ. ಕಾಲಿಗೆ ಊರು ಇರಂಗಿಲ್ಲ. ಬಾಂಬೆ ಕಾಲೂ ಒಂದ, ರಾಯದುರ್ಗದ ಕಾಲೂ ಒಂದ." ಮಾತು ಸುಳ್ಳಲ್ಲ. ಆದರೂ ನನಗೆ ಮೈಯೆಲ್ಲ ಉರಿಯಿತು. ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಹೊಟ್ಟೆ ಅದನ್ನು ನುಂಗಿಸುತ್ತಿತ್ತು.

ಆ ಕಾಲುಗಳು ಯಾರವು ಅಂತ ಡಬ್ಬಿ ಕೊಂಡವರಿಗೆ ಗೊತ್ತಿರಲಿಲ್ಲ. ಬಹುಪಾಲು ಒಬ್ಬನವೇ. ಅವನು ಮಾಲೀಕರ ವಾಷಿಂಗ್ ಘಟಕದಲ್ಲಿ ಕೆಲಸಕ್ಕಿದ್ದ. ಒಂದು ದಿನ ಪ್ಯಾಂಟಿನ ಗಂಟು ಹೊತ್ತು ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಾಗ ನಾನು ನೋಡಿದ್ದು ಅವನ ಕಾಲುಗಳನ್ನೇ. ಉದ್ದ, ನೇರ, ಎಲ್ಲೂ ಕೊಬ್ಬಿಲ್ಲ. ಮಡಕಶಿರದ ಆಚೆ, ಅಮರಾಪುರದ ಕಡೆಯ ಹಳ್ಳಿಯವನು. ಕುರಿ ಹಿಂದೆ ನಡೆದು ನಡೆದು ಹಾಗಾದ ಕಾಲು. ಹೆಂಡತಿ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಒಬ್ಬಳೇ ಮಗಳು ಊರಲ್ಲಿ ಅಜ್ಜಿಯ ಹತ್ತಿರ. ಮೂರು ಜನಕ್ಕೆ ಮೂರು ಊರು ಎಂದು ಅವನೇ ನಗುತ್ತಿದ್ದ.

ಘಟಕದಲ್ಲಿ ಅವನದು ಹೊಸ ಪ್ಯಾಂಟನ್ನು ಹಳೆಯದಾಗಿ ಕಾಣಿಸುವ ಕೆಲಸ. ತೊಡೆ, ಮಂಡಿಯ ಮೇಲೆ ಎಮರಿ ಪೇಪರಿನಿಂದ ಉಜ್ಜಬೇಕು, ಆಮೇಲೆ ನೇರಳೆ ಬಣ್ಣದ ಔಷಧಿ ನೀರು ಸಿಂಪಡಿಸಬೇಕು. ಉಜ್ಜಿದ ಕಡೆ ನೀಲಿ ಧೂಳು ಏಳುತ್ತಿತ್ತು. ಮೂಗಿಗೆ ಒಂದು ಟವೆಲ್ಲು, ಅದೇ ರಕ್ಷಣೆ. ಔಷಧಿ ತಾಗಿ ಅವನ ಉಗುರು, ಬೆರಳೆಲ್ಲ ಕಂದು ಹಿಡಿದಿದ್ದವು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಆ ಕಾಲದ ಡಬ್ಬಿಗಳನ್ನು ನೋಡಿದರೆ ಗೊತ್ತಾಗುತ್ತದೆ, ಎಲ್ಲದರಲ್ಲೂ ಎರಡು ಕೈಯೂ ಜೇಬಿನಲ್ಲಿವೆ. ಜನ ಅದನ್ನು ಸ್ಟೈಲು ಅಂದುಕೊಂಡರು. ಕೈ ಮುಚ್ಚಿಡಲು ನಾನು ಕಂಡುಕೊಂಡ ದಾರಿ ಅದು.

ಇನ್ನೊಂದು ಗುಟ್ಟು ಹಿಂದುಗಡೆ ಇತ್ತು. ಫೋಟೋಕ್ಕೆ ಬರುವ ಪ್ಯಾಂಟು ಯಾವಾಗಲೂ ಮೂವತ್ತೆರಡರ ಸೈಜು. ಸೊಂಟ ಸಣ್ಣದಾದವನಿಗೆ ಹಾಕಿದಾಗ ಹಿಂದಿನ ಬಟ್ಟೆ ಹಿಡಿದೆಳೆದು, ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪು ಸಿಕ್ಕಿಸುತ್ತೇವೆ. ಮುಂದೆ ಹೊಲಿಸಿ ಹಾಕಿದ ಹಾಗೆ ಕಾಣುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎನ್ನುವುದು ನಮ್ಮ ಕಸುಬಿಗೇ ಹುಟ್ಟಿದ ಮಾತು. ಅವನಿಗೆ ಮೊದಮೊದಲು ಸೊಂಟದ ಹತ್ತಿರ ಒಂದು ಕ್ಲಿಪ್ಪು ಸಾಕಾಗುತ್ತಿತ್ತು. ಬರಬರುತ್ತ ತೊಡೆಯ ಹಿಂದೆಯೂ ಬೇಕಾಯಿತು, ಆಮೇಲೆ ಮೀನಖಂಡದವರೆಗೆ ಸಾಲು ಸಾಲಾಗಿ ಹಾಕತೊಡಗಿದೆ. ಮುಂದುಗಡೆಯಿಂದ ನೋಡಿದವರಿಗೆ ಡಬ್ಬಿಯಿಂದ ಡಬ್ಬಿಗೆ ಅದೇ ಕಾಲು. ಅವನು ಕರಗುತ್ತಿದ್ದುದನ್ನು ಹಿಂದೆ ಕೂತು ಕ್ಲಿಪ್ಪು ಸಿಕ್ಕಿಸುತ್ತಿದ್ದ ನಾನೊಬ್ಬನೇ ನೋಡಿದೆ.

"ಏನೋ ಇದು, ಊಟ ಮಾಡ್ತಿಯೋ ಇಲ್ಲೋ?" ಎಂದು ಗದರಿದೆ.

"ಉಣ್ತೀನಿ ಸಾ. ಕೆಮ್ಮು ಒಂದು ಬಿಡಾಕಿಲ್ಲ ನೋಡಿ, ಉಂಡಿದ್ದೆಲ್ಲ ಅದ್ಕೇ ಓಯ್ತೈತೆ," ಎಂದ. ಕೆಮ್ಮು ಬಂದಾಗ ನಾನು ಕ್ಯಾಮೆರಾ ಕೆಳಗಿಟ್ಟು ಕಾಯಬೇಕಿತ್ತು, ಕ್ಲಿಪ್ಪುಗಳು ಒಂದೊಂದೇ ಬಿಚ್ಚಿ ನೆಲಕ್ಕೆ ಬೀಳುತ್ತಿದ್ದವು. ಆಸ್ಪತ್ರೆಗೆ ಹೋಗು ಎಂದು ಬೈದೆ. ಹೋದ. ಧೂಳಿನ ಕೆಲಸ ಬಿಡು ಎಂದರಂತೆ. ಬಿಟ್ಟರೆ ಮುಂದೇನು ಅಂತ ಅವರು ಹೇಳಿರಲಿಲ್ಲ.

ಊರಿಗೆ ಹೋಗಿ ಬಂದ ಒಂದು ಸಲ ಅವನ ಮುಖ ಬಾಡಿತ್ತು. ಏನೆಂದು ಕೇಳಿದೆ. "ನಮ್ಮುಡುಗಿ ಇಸ್ಕೂಲ್ಗೆ ಡಬ್ಬಿ ತಗಂಡೋಗಿ, ಇದು ನಮ್ಮಪ್ಪ ಅಂತ ತೋರ್ಸೈತೆ ಸಾ. ತಲೆ ಎಲ್ಲೈತೆ ಅಂತ ಎಲ್ರೂ ನಕ್ಕವ್ರೆ. ಸುಳ್ಳಿ ಅಂತ ಎಸ್ರಿಟ್ಟವ್ರಂತೆ. ಅತ್ತು ಅತ್ತು ಮಲಗೈತೆ." ಆಮೇಲೆ ಕೇಳಿದ: "ಒಂದೇ ಒಂದ್ಸಲ ಮಕ ಬರಂಗೆ ಮಾಡಿ ಸಾ. ಆಮ್ಯಾಕೆ ಎಷ್ಟಾದ್ರೂ ಕಾಲೇ ತಗಳ್ಳಿ."

ಅವನು ನನ್ನನ್ನು ಬೇರೇನೂ ಕೇಳಿದವನಲ್ಲ. ಫೋಟೋಕ್ಕೆ ನಿಂತಿದ್ದಕ್ಕೆ ಮಾಲೀಕರು ಹೊಲಿಗೆ ಕೆಟ್ಟ ಪ್ಯಾಂಟೊಂದನ್ನು ಕೊಟ್ಟು ಕಳಿಸಿದರೂ ಕೈ ಮುಗಿದು ಹೋಗುತ್ತಿದ್ದ. ಈ ಒಂದನ್ನು ಮಾಡಿಸಿಯೇ ತೀರುತ್ತೇನೆ ಎಂದು ನಾನು ಹಟ ಹಿಡಿದೆ. ಹಬ್ಬದ ಮಾಲಿಗೆ ಹೊಸ ಡಬ್ಬಿ ಮಾಡಿಸುವ ಹೊತ್ತಿಗೆ ಸರಿಯಾಗಿ ಬಳ್ಳಾರಿಯವರ ಜೀನ್ಸ್ ಡಬ್ಬಿಗಳ ಮೇಲೆ ಮುಖ ಬರತೊಡಗಿದ್ದವು. ಮಾಲೀಕರು ಬೆಂಗಳೂರಿನಿಂದ ಮಾಡೆಲ್ ಕರೆಸುವ ಮಾತಾಡಿದರು. ನಾನು ಜಗಳಕ್ಕೇ ನಿಂತೆ. ನಿಮ್ಮ ಪ್ಯಾಂಟಿಗೆ ಹೆಸರು ತಂದ ಕಾಲು ಅವನದು, ಮುಖವೂ ಅವನದೇ ಬರಲಿ, ಇಲ್ಲದಿದ್ದರೆ ಬೇರೆ ಫೋಟೋಗ್ರಾಫರನ್ನು ನೋಡಿಕೊಳ್ಳಿ ಎಂದೆ. "ಆಯ್ತು ತೆಗೀರಿ, ನೋಡೂಣು," ಎಂದರು.

ಆ ದಿನ ಅವನು ಕ್ಷೌರ ಮಾಡಿಸಿಕೊಂಡು, ಹಣೆಗೆ ಸಣ್ಣಗೆ ವಿಭೂತಿ ಇಟ್ಟುಕೊಂಡು ಬಂದಿದ್ದ. ವಿಭೂತಿ ಒರೆಸಿದೆ. ಕೆನ್ನೆ ಮಾತ್ರ ಏನು ಮಾಡಿದರೂ ಒಳಗೆ ಹೋಗಿದ್ದವು. ಯಾವ ಕಡೆಯಿಂದ ಬೆಳಕು ಬಿಟ್ಟರೂ ಎರಡು ಗುಂಡಿ. ಕೊನೆಗೆ ಹತ್ತಿ ತಂದು ಉಂಡೆ ಮಾಡಿ ಎರಡೂ ದವಡೆಗೆ ಇಡಲು ಹೋದೆ. ಅವನು ಬಾಯಿ ತೆರೆದವನು ನಕ್ಕುಬಿಟ್ಟ. "ಈಗ್ಲೇ ಹತ್ತಿ ಮಡಗ್ತೀರಾ ಸಾ? ಮೂಗು ಬಿಟ್ಟು ಬಾಯಿಗೆ ಮಡಗ್ತಾ ಇದ್ದೀರಾ." ನಾನೂ ನಕ್ಕೆ. ಉಂಡೆಗಳನ್ನು ಒಂದೊಂದಾಗಿ ಇಟ್ಟೆ. ಹಿಂದುಗಡೆಯೆಲ್ಲ ಕ್ಲಿಪ್ಪು, ದವಡೆಯಲ್ಲಿ ಹತ್ತಿ, ಕೈ ಜೇಬಿನಲ್ಲಿ. ಹಾಗೆ ನಿಂತು, ಕೆಮ್ಮು ತಡೆದುಕೊಂಡು, ಕ್ಯಾಮೆರಾದೊಳಗೆ ಮಗಳು ಕೂತಿದ್ದಾಳೆ ಎಂಬಂತೆ ನೋಡಿದ. ನಾನು ತೆಗೆದ ಮುಖಗಳಲ್ಲಿ ಅಷ್ಟು ಒಳ್ಳೆಯದು ಮತ್ತೊಂದಿಲ್ಲ.

ಸ್ವಲ್ಪ ದಿನಕ್ಕೆ ಘಟಕದವರು ಅವನನ್ನು ಮನೆಗೆ ಕಳಿಸಿದರು. ನಿಂತು ಉಜ್ಜುವ ಶಕ್ತಿ ಉಳಿದಿರಲಿಲ್ಲ. ಹೆಂಡತಿ ಬೆಂಗಳೂರಿನ ಕೆಲಸ ಬಿಟ್ಟು ಬಂದು ಊರಿಗೆ ಕರೆದುಕೊಂಡು ಹೋದಳು. ಬಸ್ಸು ಹತ್ತುವಾಗಲೂ ಅವನು ಕೇಳಿದ್ದು ಡಬ್ಬಿ ಯಾವಾಗ ಬರುತ್ತದೆ ಅಂತಲೇ.

ಡಬ್ಬಿ ಬಂತು. ಲಾರಿಯಿಂದ ಕಟ್ಟು ಇಳಿಸುತ್ತಿದ್ದಾಗ ನಾನೇ ಹೋಗಿ ಒಂದನ್ನು ಎಳೆದು ನೋಡಿದೆ. ನಿಲುವು ಅವನದು, ಕಾಲು ಅವನವು, ಜೇಬಿನೊಳಗಿನ ಕೈಯೂ ಅವನವೇ. ಕುತ್ತಿಗೆಯ ಮೇಲೆ ಮಾತ್ರ ಹಳದಿ ಕೂದಲಿನ ಯಾರೋ ಬಿಳಿ ದೊರೆ ಹಲ್ಲು ಕಿರಿದಿದ್ದ. ಹೊಂದಿಕೆಯಾಗಲಿ ಅಂತ ಮಣಿಕಟ್ಟಿಗೂ ಬಿಳುಪು ಹಚ್ಚಿದ್ದರು. ಪ್ರೆಸ್ಸಿನಲ್ಲಿ ಮಾಲೀಕರು ಹೇಳಿ ಮಾಡಿಸಿದ್ದು. ನಾನು ಆ ಡಬ್ಬಿ ಹಿಡಿದು ಅವರ ಗದ್ದುಗೆಯ ಮುಂದೆ ಕುಕ್ಕಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವರಿಗೆ ಸಿಟ್ಟೇ ಬರಲಿಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ ನೋಡಿ, "ಯಾಕ ಹಿಂಗ ಹಾರಾಡ್ತೀರಿ? ಕಾಲು ಅವನವ ಅದಾವಲ್ರೀ," ಎಂದರು.

ಅಲ್ಲಿಂದ ಬಂದು ಸ್ಟುಡಿಯೋದ ಬಾಗಿಲು ಹಾಕಿಕೊಂಡೆ. ಅವನ ಫೋಟೋವನ್ನು ಡಬ್ಬಿಯ ಅಳತೆಗೆ ಪ್ರಿಂಟ್ ಹಾಕಿ, ಅಕ್ಷರಗಳನ್ನೂ ಅದೇ ಜಾಗದಲ್ಲಿ ಕೂರಿಸಿ, ಮುಚ್ಚಳದ ಮೇಲೆ ಗುಳ್ಳೆ ಏಳದಂತೆ ಅಂಟಿಸಿದೆ. ಅಂಥದ್ದು ಲೋಕದಲ್ಲಿ ಒಂದೇ ಇತ್ತು. ಒಳಗೆ ಮಗುವಿಗೆ ಒಂದು ಫ್ರಾಕು ಇಟ್ಟು, ಬೆಳಗಿನ ಬಸ್ಸು ಹಿಡಿದೆ. ಕಲ್ಯಾಣದುರ್ಗ, ಪಾವಗಡ, ಮಡಕಶಿರ ಅಂತ ಇಳಿದು ಹತ್ತಿ, ಅಲ್ಲಿಂದ ಯಾರದೋ ಬೈಕಿನ ಹಿಂದೆ ಕೂತು ಅವರ ಹಳ್ಳಿ ಮುಟ್ಟಿದೆ.

ಅವನು ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಕಂಬಳಿಯೊಳಗೆ ಮನುಷ್ಯ ಇದ್ದಾನೆಂದು ಹುಡುಕಬೇಕಿತ್ತು. ಹೆಂಡತಿ ನೀರು ಕೊಟ್ಟು ಬಾಗಿಲಲ್ಲಿ ನಿಂತಳು. ಮಗಳು ಅಪ್ಪನ ಕಾಲ ಹತ್ತಿರ ಕೂತಿತ್ತು. ನಾನು ಡಬ್ಬಿ ತೆಗೆದು ಅವನ ಮಡಿಲಲ್ಲಿಟ್ಟೆ. ಬಹಳ ಹೊತ್ತು ನೋಡಿದ. ವರ್ಷಗಟ್ಟಲೆ ಬಟ್ಟೆ ಉಜ್ಜಿದ ಕಂದು ಹೆಬ್ಬೆರಳನ್ನು ಮುಚ್ಚಳದ ಅಂಚಿನ ಮೇಲೆ ಒಂದು ಸುತ್ತು ಆಡಿಸಿದ.

"ಸಂದಾಗೈತೆ ಸಾ," ಎಂದ. "ಎಲ್ಲಾ ಕಡೀಕೂ ಓಗೈತಾ?"

"ಹೋಗೇತಿ. ಹೈದರಾಬಾದಿಗೂ ಹೋಗೇತಿ," ಎಂದೆ. ನನ್ನ ದನಿ ನನಗೇ ಹೆಚ್ಚು ಜೋರಾಗಿ ಕೇಳಿಸಿತು.

ಅವನು ಹೆಂಡತಿಯ ಕಡೆ ನೋಡಿದ, ಆಮೇಲೆ ಮಗಳ ಕಡೆ. "ನೋಡ್ದಾ ಮಗಾ, ಐದ್ರಾಬಾದ್ಗಂತೆ," ಎಂದ. ಮಗು ಅಪ್ಪನ ಮುಖ, ಡಬ್ಬಿಯ ಮುಖ ಎರಡನ್ನೂ ನೋಡಿ ತಲೆ ಆಡಿಸಿತು. ಖುಷಿಯಿಂದ ಕುಣಿಯುತ್ತದೆ ಅಂದುಕೊಂಡಿದ್ದೆ. ಅಪ್ಪನ ಸ್ಥಿತಿ ನೋಡಿ ಬೆದರಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮುದ್ದೆ, ಹುರುಳಿ ಸಾರು ಉಂಡು ಹೊರಟೆ. ಬಸ್ಸಿನಲ್ಲಿ ನನಗೆ ಏನೋ ಗೆದ್ದ ಹಾಗೆ ಅನಿಸಿತ್ತು.

ತಿಂಗಳೊಪ್ಪತ್ತಿನಲ್ಲಿ ಹೋದನೆಂದು ಸುದ್ದಿ ಬಂತು. ಆ ಫೋಟೋವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಮತ್ತೆ ಅದೇ ದಾರಿ ಹಿಡಿದೆ. ಒಳಗೆ ಹೋದರೆ ಗೋಡೆಯ ಮೇಲೆ ಆಗಲೇ ಒಂದು ಫೋಟೋಕ್ಕೆ ಹೂವಿನ ಹಾರ ಹಾಕಿದ್ದರು. ನಾನು ಅಂಟಿಸಿದ ಆ ಮುಚ್ಚಳವನ್ನೇ ಕತ್ತರಿಸಿ ಗಾಜು ಹಾಕಿಸಿದ್ದರು. ಮೂಲೆಯಲ್ಲಿ ಸೈಜು ಮೂವತ್ತೆರಡು, ಕಂಫರ್ಟ್ ಫಿಟ್ ಅಂತ ಹಾಗೇ ಇತ್ತು. ನನಗೆ ನೋಡಲಾಗಲಿಲ್ಲ. "ಅದನ್ನ ತಗಿ ತಂಗಿ, ಇದು ಚೊಲೋ ಫೋಟೋ, ಇದನ್ನ ಹಾಕು," ಎಂದೆ.

"ಇರ್ಲಿ ಬಿಡಿ ಸಾ. ಅದ್ನೇ ಮಡಗು ಅಂತ ಅವ್ರೇ ಯೋಳಿದ್ರು," ಎಂದಳು. ಆಮೇಲೆ ಏನು ಅನಿಸಿತೋ, ಅಟ್ಟಕ್ಕೆ ಕೈ ಹಾಕಿ ಒಂದು ಡಬ್ಬಿ ಇಳಿಸಿದಳು. ಒಳಗೆ ಸೂಜಿ, ದಾರದುಂಡೆ, ಗುಂಡಿಗಳು. ಮೇಲೆ ಹಳದಿ ಕೂದಲಿನ ದೊರೆ ಹಲ್ಲು ಕಿರಿದಿದ್ದ.

"ನೀವು ಬರಕ್ಕೆ ಮುಂಚೇನೇ ಮಡಕಶಿರದ ಬಟ್ಟೆ ಅಂಗ್ಡೀಲಿ ಇಸ್ಕಂಡು ಬಂದಿದ್ದೆ ಸಾ. ಅವ್ರೂ ನೋಡಿದ್ರು, ಮಗೀನೂ ನೋಡ್ತು. ಅಂಗೈಲಿ ಈ ಮಕ ಮುಚ್ಚಿ, ಕಾಲು ಅಪ್ಪಂದೇ ಅಂತು."

 ಹಾಗಾದರೆ ನಾನು ಹೈದರಾಬಾದು ಅಂತ ಕೊಚ್ಚಿಕೊಳ್ಳುವಾಗ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಅತ್ಲಾಗೆ ಓದ್ಮ್ಯಾಲೆ ಮಗು ಅವ್ರನ್ನ ಕೇಳ್ತು, ಯಾವ್ದಪ್ಪ ನಿಜ ಅಂತ. ಎಲ್ಡೂ ಅಂಟಿಸಿದ್ದೇ ಕಣವ್ವ, ಆದ್ರೆ ಇದ್ನ ಅಂಟಿಸ್ದೋರು ಬಸ್ಸತ್ತಿ ಅಷ್ಟ್ ದೂರದಿಂದ ಬಂದವ್ರೆ, ಅವ್ರ ಮುಂದೆ ಏನೂ ಅನ್ಬ್ಯಾಡ ಅಂದ್ರು."

ಕಣ್ಣಲ್ಲಿ ನೀರು ಬಂತು. ಅದನ್ನು ಮುಚ್ಚಿಡುವ ಉಪಾಯ ನನಗೆ ತಿಳಿದಿರಲಿಲ್ಲ. ಉಸಿರಿಗೆ ಒದ್ದಾಡುತ್ತಿದ್ದವನು ನನ್ನ ಮನಸ್ಸು ನೋಯದ ಹಾಗೆ ನೋಡಿಕೊಂಡಿದ್ದ. ನಾನು ಅವನಿಗೆ ಕ್ಲಿಪ್ಪು ಹಾಕಿದ ಹಾಗೆ ಅವನೂ ನನಗೆ ಹಿಂದಿನಿಂದ ಕ್ಲಿಪ್ಪು ಹಾಕಿ ನಿಲ್ಲಿಸಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಮಗಳು ಶಾಲೆಯಿಂದ ಬಂದಿತ್ತು, ಹಿಂದೆ ಅದರ ಕ್ಲಾಸಿನ ನಾಕಾರು ಮಕ್ಕಳು. ನಾನು ಬಂದಿರುವುದು ಊರಲ್ಲಿ ಗೊತ್ತಾಗಿ ಕರೆದುಕೊಂಡು ಬಂದಿದೆ. ತಾಯಿ ಬಿಳಿ ದೊರೆಯ ಡಬ್ಬಿಯನ್ನು ಸರಕ್ಕನೆ ಸೆರಗಿನೊಳಗೆ ಎಳೆದುಕೊಂಡಳು. ಮಗು ಗೋಡೆಯ ಕಡೆ ಕೈ ತೋರಿಸಿ, "ಇವ್ರೇ ತಗ್ದಿದ್ದು," ಎಂದು ಮಿಕ್ಕವರಿಗೆ ಹೇಳಿ, ನನ್ನ ಮುಂದೆ ಬಂದು ನಿಂತಿತು. ಕಣ್ಣು ನೆಟ್ಟು ನನ್ನನ್ನೇ ನೋಡಿತು. ಅದಕ್ಕೆ ಎಲ್ಲ ಗೊತ್ತಿತ್ತು, ನನಗೂ ಗೊತ್ತಾಗಿತ್ತು.

"ಐದ್ರಾಬಾದ್ಗೂ ಓಗಿತ್ತು ಅಲ್ವಾ ಸಾ?" ಎಂದಿತು.

"ಹೋಗಿತ್ತವ್ವ," ಎಂದೆ. "ಬಾಂಬೆಗೂ ಹೋಗಿತ್ತು. ಎಲ್ಲ ಅಂಗಡ್ಯಾಗೂ ನಿಮ್ಮಪ್ಪನ ಮುಖಾನ ಇತ್ತು."

ಮಕ್ಕಳು ಗೋಡೆಯ ಹತ್ತಿರ ಹೋಗಿ ನಿಂತು ನೋಡಿದವು. ಯಾರೂ ನಗಲಿಲ್ಲ.