ಬಾಗಲೂರಿನಲ್ಲಿ ಬದುಕಿದ್ದ ಬಸಣ್ಣ

ಪಕ್ಕದ ಮನೆಯ ಮುನಿಯಮ್ಮಜ್ಜಿ ಸೀದಾ ಒಳಗೆ ನುಗ್ಗಿ, ನಾನು ನುಡಿಸುತ್ತಿದ್ದ ಗಿಟಾರಿನ ತಂತಿಗಳ ಮೇಲೆ ಅಂಗೈ ಇಟ್ಟು ಅದುಮಿದರು. ಸದ್ದು ಸತ್ತಿತು.

"ಯಾರಮ್ಮಾ ತೀರ್ಕೊಂಡಿರೋದು?"

"ಯಾರೂ ಇಲ್ಲಜ್ಜಿ."

"ಮತ್ತೆ ಒಪ್ಪಾರಿ ಯಾಕಿಕ್ಕಿದ್ದೀಯಾ? ನಮ್ಮನೇಲಿ ಸೊಸೆ ತುಂಬಿದ ಬಸುರಿ ಅವ್ಳೆ."

ಒಪ್ಪಾರಿ ಎಂದರೆ ಹೆಣದ ಮುಂದೆ ಕೂತು ಹೆಂಗಸರು ಹಾಡಿಕೊಂಡು ಅಳುವುದು. ತಮಿಳಿನ ಮಾತು, ಈ ಕಡೆಯ ಕನ್ನಡದವರೂ ಹಾಗೇ ಅನ್ನುತ್ತಾರೆ. ನಾನು ನುಡಿಸುತ್ತಿದ್ದದ್ದು ಬ್ಲೂಸ್, ಅಮೆರಿಕದ ಕಪ್ಪು ಜನರ ನೋವಿನ ಹಾಡು. ತಂತಿಯನ್ನು ಒತ್ತಿ ಮೇಲಕ್ಕೆಳೆದರೆ ಸ್ವರ ಜಾರುತ್ತದೆ, ಗಂಟಲು ಕಟ್ಟಿದವರ ದನಿಯ ಹಾಗೆ. ಹುಬ್ಬಳ್ಳಿಯಲ್ಲಿ ಅದನ್ನು ಕೇಳಿ "ಏನವಾ, ಇಂಗ್ಲಿಷ್ ಹಾಡೇನು?" ಎಂದು ನಗುತ್ತಿದ್ದರು. ಇಲ್ಲಿ ಹೆದರಿದರು. ನಿಜ ಹೇಳಬೇಕೆಂದರೆ, ಇಲ್ಲಿಯವರ ಕಿವಿಯೇ ಚುರುಕು.

"ಅಳ್ಬೇಡ ಅನ್ನಲ್ಲ. ಹೆಸರಿಕ್ಕಿ ಅಳು. ಹೆಸರಿಲ್ಲದ ಅಳು ಆಳ್ನ ಹುಡುಕ್ಕೊಂಡು ಓಡಾಡ್ತದೆ ಕಣಮ್ಮ," ಎಂದು ಅಜ್ಜಿ ಎದ್ದು ಹೋದರು.

ಹೆಸರು ನನ್ನಲ್ಲಿತ್ತು. ನನಗೆ ಗಿಟಾರ್ ಕಲಿಸಿದ ಅಣ್ಣ, ಬಸವರಾಜ. ನಾಲ್ಕು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಆಮೇಲೆ ಆ ಊರಿನ ಪ್ರತಿ ಚಹಾದಂಗಡಿಯೂ ಅವನನ್ನು ಕೇಳತೊಡಗಿತು. ತಡೆಯಲಾರದೆ ಇಲ್ಲಿ ತಮಿಳುನಾಡಿನ ಗಡಿಯ ಹೊಸೂರಿನ ಕಾರ್ಖಾನೆಯೊಂದಕ್ಕೆ ಸೇರಿ ಪಕ್ಕದ ಬಾಗಲೂರಿಗೆ ಬಂದೆ. ಒಂಟಿ ಹೆಂಗಸಿಗೆ ಮನೆ ಕೊಡಲು ಮಾಲೀಕರು ಮೀನಮೇಷ ಎಣಿಸಿ, "ಗಂಡು ದಿಕ್ಕು ಯಾರಮ್ಮಾ?" ಎಂದಾಗ ಬಾಯಿಂದ ಬಂದುಬಿಟ್ಟಿತು: "ಅಣ್ಣ ಇದ್ದಾನೆ."

ಆ ಸುಳ್ಳು ಬೆಳೆಯಿತು. ಹುಬ್ಬಳ್ಳಿಯಲ್ಲಿ ಒಂದೇ ಭಾಷೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದವಳು ಇಲ್ಲಿ ಮೂರರಲ್ಲಿ ಮಾತು ಕಲಿತೆ. ತರಕಾರಿಯವಳೊಂದಿಗೆ ತಮಿಳಿನಲ್ಲಿ, ಹಾಲಿನವರೊಂದಿಗೆ ತೆಲುಗಿನಲ್ಲಿ ಅಣ್ಣನ ಸುದ್ದಿ ಹೇಳಿದೆ. ಅಂಟಿಲ್ಲದ ಜೋಳದ ರೊಟ್ಟಿ ಬಿಟ್ಟು ಮುದ್ದೆ ನುಂಗಲು ಕಲಿತೆ. ಅಣ್ಣನಿಗೂ ಮುದ್ದೆ ಇಷ್ಟ ಎಂದೆ. "ಯುಗಾದಿಗೂ ಬರ್ಲಿಲ್ವಾ ನಿಮ್ಮಣ್ಣ?" ಎಂದು ಮುನಿಯಮ್ಮಜ್ಜಿ ಬಯ್ಯುವಾಗ ನನಗೆ ಸಂತೋಷವಾಗುತ್ತಿತ್ತು. ಹುಬ್ಬಳ್ಳಿಯಲ್ಲಿ ಇಲ್ಲದವನು ಇಲ್ಲಿ ಇದ್ದ. ಎಷ್ಟೋ ಸಂಜೆ ಶಿಫ್ಟ್ ಮುಗಿಸಿ ಬಂದು ಬೀಗ ತೆಗೆಯುವ ಮೊದಲು ಒಳಗೆ ಯಾರೋ ಶ್ರುತಿ ಮಾಡುತ್ತಿದ್ದಾರೆಂದು ನಿಂತು ಕೇಳಿದ್ದೇನೆ.

ನನ್ನ ಮೊದಲ ಆಲ್ಬಮ್ ಹೊಸೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ತಯಾರಾಗುತ್ತಿತ್ತು. ದೇವರ ಹಾಡುಗಳ ರೆಕಾರ್ಡಿಂಗ್ ನಡುವೆ ಭಾನುವಾರ ನನಗೆ ಜಾಗ. ಎಂಟು ಹಾಡು ಮುಗಿದಿದ್ದವು. ಒಂಬತ್ತನೆಯದಕ್ಕೆ ಗಿಟಾರ್ ಇತ್ತು, ಮಾತಿರಲಿಲ್ಲ. ಅಜ್ಜಿ ಹೇಳಿದ ಮೇಲೆ ಏನು ಮಾತು ಬೇಕೆಂದು ಗೊತ್ತಾಯಿತು. ಆದರೆ ಆ ಹೆಸರು ಹಾಡಿದರೆ ಅವನು ಇಲ್ಲಿಯೂ ಸಾಯುತ್ತಾನೆ. ನಾಲ್ಕು ದಿನ ಗಿಟಾರ್ ಮುಟ್ಟಲಿಲ್ಲ. ಗೋಡೆಯಾಚೆ ಆ ಬಸುರಿ ಕೆಮ್ಮಿದರೂ ಎದ್ದು ಕೂತು ಕಿವಿಗೊಡುತ್ತಿದ್ದೆ.

ಭಾನುವಾರ ಹಾಡಿದೆ. ಬಸಣ್ಣಾ, ಬಸಣ್ಣಾ ಎಂದಷ್ಟೇ. ಒಂದೇ ಸಲಕ್ಕೆ ಆಯಿತು.

ಸ್ಟುಡಿಯೋದಿಂದ ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ಕೂತಿದ್ದರು. "ಹೆಸರಿಕ್ಕಿದ್ಯಾ?"

"ಇಕ್ಕಿದೆ ಅಜ್ಜಿ. ನಮ್ಮಣ್ಣಂದು."

"ಅಯ್ಯೋ, ಅವ್ನಿಗೆ ಅಂತ ಮಾವಿನಕಾಯಿ ಉಪ್ಪಿನಕಾಯಿ ಎತ್ತಿಟ್ಟಿದ್ನಲ್ಲಮ್ಮಾ," ಎಂದು ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ, "ಒಲೆ ಹಚ್ಬೇಡ. ನಾನೇ ಮುದ್ದೆ ತತ್ತೀನಿ," ಎಂದರು.

ಬೀದಿಯ ಹೆಂಗಸರೆಲ್ಲ ಬಂದು ಕೂತರು. ಯಾವಾಗ ಹೋದ ಎಂದು ಯಾರೂ ಕೇಳಲಿಲ್ಲ. ತರಕಾರಿಯವಳು ನನ್ನ ಕೈ ಹಿಡಿದು ತಮಿಳಿನಲ್ಲಿ ಅತ್ತಳು. ಅವ್ವನೆದುರು ಗಟ್ಟಿಯಾಗಿರಲು ಹೋಗಿ ಹುಬ್ಬಳ್ಳಿಯಲ್ಲಿ ಒಂದು ಹನಿಯೂ ಹಾಕದವಳು ಇಲ್ಲಿ ಬಿಕ್ಕಿ ಬಿಕ್ಕಿ ಅತ್ತೆ.

ಬುಧವಾರ ಅವ್ವ ಫೋನ್ ಮಾಡಿದಳು. "ಹಾಡಿನ ಕೆಲಸ ಮುಗೀತಲ್ಲವಾ, ಊರಿಗೆ ಬಾ."

"ಈಗ ಬರಾಕ ಆಗೂದಿಲ್ಲವ್ವಾ," ಎಂದೆ. "ಇಲ್ಲೆ ಅಣ್ಣ ಹೋಗಿ ಇನ್ನೂ ಮೂರ ದಿನ ಆಗೇತಿ."