ವಸ್ತಿ ಬಸ್ಸಿನ ಬೆನ್ನು

ಕಂಪ್ಯೂಟರಿನ ಗಾಜಿನ ಮೇಲೆ ನಾನು ಬೆರಳಿನಿಂದ ನನ್ನ ಹೆಸರು ಬರೆದುಬಿಟ್ಟೆ. ತಪ್ಪು ನನ್ನದಲ್ಲ, ಧೂಳು ಅಷ್ಟು ಚೆನ್ನಾಗಿ ಕೂತಿತ್ತು. ನನ್ನಂಥ ಬರಹಗಾರನ ಮುಂದೆ ಅಂಥ ಧೂಳು ಇಟ್ಟು ಸುಮ್ಮನೆ ಕೂತಿರು ಅಂದರೆ ಆಗುವ ಮಾತೇ? ದಾಂಡೇಲಿ ಬಸ್‌ಸ್ಟ್ಯಾಂಡಿನ ಹಿಂದಿರುವ ಸೈಬರ್ ಕೆಫೆಗೆ ನಾನು ಹೋಗಿದ್ದು ಬ್ಲಾಗು ಅನ್ನುವುದೊಂದನ್ನು ಶುರು ಮಾಡಲಿಕ್ಕೆ. ಕೆಫೆ ನಡೆಸುವ ಶಬಾನಾ, ನನ್ನ ಹಳೆಯ ಗೆಳೆಯ ಮೆಕ್ಯಾನಿಕ್ ದಸ್ತಗೀರನ ಮಗಳು.

"ಕಾಕಾ, ಗಾಜಿನ ಮ್ಯಾಲ ಬರಿಯೂದಲ್ಲ. ಕೀಬೋರ್ಡ್ ಕೆಳಗೈತಿ."

"ಹಿಂಗ ಬರದ್ರ ಮಂದಿಗೆ ಕಾಣಂಗಿಲ್ಲೇನ?"

"ಕಾಣತೈತಿ. ಈ ಕುರ್ಚಿ ಮ್ಯಾಲ ಕುಂತವರಿಗೆ."

ಆಮೇಲೆ ಆಕೆ ಕುರ್ಚಿ ಎಳೆದುಕೊಂಡು ನನಗೆ ಪಾಠ ಶುರು ಮಾಡಿದಳು. ಚಿಕ್ಕದಾಗಿ ಬರೀಬೇಕು. ಮಂದಿ ಓದುವ ಹೊತ್ತು ನೋಡಿ ಹಾಕಬೇಕು. ಕಾಮೆಂಟು ಬರೆದವರಿಗೆ ಉತ್ತರ ಕೊಡಬೇಕು, ಬೈದವರಿಗೆ ಕೊಡಬಾರದು. ಇನ್ನೊಬ್ಬರ ವಿಷಯ ಅವರನ್ನು ಕೇಳದೆ ಹಾಕಬಾರದು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಇದು ನನ್ನ ಮಟ್ಟಿಗೆ ದೊಡ್ಡ ಸಾಧನೆ. ಕೊನೆಗೆ ತಡೆಯಲಾಗದೆ ಅಂದೆ: "ಶಬಾನಾ, ಇದನ್ನೆಲ್ಲಾ ನಿಮ್ಮಪ್ಪನ ಗ್ಯಾರೇಜಿನ ಮುಂದ ನಿಂತು ನಾ ಮಾಡಿ ಬಿಟ್ಟೀನಿ. ಆಗ ಈ ನಿನ್ನ ಡಬ್ಬಿ ದಾಂಡೇಲಿಗೆ ಬಂದಿರಲಿಲ್ಲ."

ಆಕೆ ನಂಬಲಿಲ್ಲ. ನೀವೂ ನಂಬುವ ಲಕ್ಷಣ ಕಾಣುವುದಿಲ್ಲ. ಆದರೆ ಇಷ್ಟು ಓದಿದ್ದೀರಿ, ಇನ್ನಷ್ಟು ಓದಿ. ಬಸ್ಸಿಗೆ ಕಾಯುತ್ತಿದ್ದೀರಿ ಅಂದುಕೊಳ್ಳಿ.

ತೊಂಬತ್ತರ ದಶಕದಲ್ಲಿ ಸಂಜೆ ದಾಂಡೇಲಿಯಿಂದ ಹೊರಟು ಜೋಯಿಡಾ ದಾಟಿ ಕುಂಬಾರವಾಡಕ್ಕೆ ಹೋಗಿ, ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ವಾಪಸು ಬರುವ ಬಸ್ಸೊಂದಿತ್ತು. ವಸ್ತಿ ಬಸ್ಸು ಅನ್ನುತ್ತಿದ್ದೆವು. ಜೋಯಿಡಾದಿಂದ ಮುಂದೆ ರಸ್ತೆಯಲ್ಲಿ ಡಾಂಬರಿಗಿಂತ ಕೆಮ್ಮಣ್ಣೇ ಹೆಚ್ಚು. ಮಳೆಗಾಲ ಮುಗಿಯಿತೆಂದರೆ ಆ ಬಸ್ಸಿನ ಬೆನ್ನು ಪೂರ್ತಿ ಬರೆಯುವ ಕೆಂಪು ಪಾಟಿ. ಕೈ ಸುಮ್ಮನಿರಬೇಕಲ್ಲ?

ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನದು ಛತ್ರಿ ಮತ್ತು ಬ್ಯಾಟರಿ ರಿಪೇರಿ ಅಂಗಡಿ. ಬ್ಯಾಟರಿ ಅಂದರೆ ಕತ್ತಲಲ್ಲಿ ಹಿಡಿಯುವ ಟಾರ್ಚು. ಜೋಯಿಡಾ ಕಡೆಯವರು ಅದನ್ನು ರಿಪೇರಿಗೆ ಕೊಟ್ಟು ಹೋದರೆ ಮತ್ತೆ ಯಾವಾಗ ಬರುತ್ತಾರೆಂದು ಅವರಿಗೂ ಗೊತ್ತಿಲ್ಲ. ಆ ಹಳ್ಳಿಗಳಿಗೆ ಫೋನೂ ಇಲ್ಲ. ಒಂದು ಸಂಜೆ ಬೇಸತ್ತು ಬಸ್ಸಿನ ಬೆನ್ನ ಮೇಲೆ ಹೆಬ್ಬೆರಳಿನಿಂದ ಬರೆದೆ: "ಗಾವಡೆ, ನಿನ್ನ ಬ್ಯಾಟರಿ ತಯಾರ ಐತಿ."

ಮರುದಿನ ಬೆಳಿಗ್ಗೆ ಬಸ್ಸು ಬಂತು. ನನ್ನ ಸಾಲಿನ ಕೆಳಗೆ ಬೇರೆ ಯಾರದೋ ಬೆರಳು ಬರೆದಿತ್ತು: "ಗಾವಡೆ ಸತ್ತಾನ. ಬ್ಯಾಟರಿ ನನಗ ಕೊಡ್ರಿ." ಅದರ ಕೆಳಗೆ ಮತ್ತೊಂದು ಬೆರಳು: "ಸತ್ತಿಲ್ಲ. ಅವಗ ಕೊಡಬ್ಯಾಡ್ರಿ. ಇಂತಿ ಗಾವಡೆ."

ಆ ದಿನವೇ ನನಗೆ ಗೊತ್ತಾಯಿತು, ನಾನು ಹುಟ್ಟಿದ್ದು ಛತ್ರಿ ಹೊಲಿಯಲಿಕ್ಕಲ್ಲ.

ಶಬಾನಾ ಹೇಳಿದ ಪಾಠವೆಲ್ಲ ನಾನು ಬಿದ್ದು ಎದ್ದು ಕಲಿತದ್ದು. ಚಿಕ್ಕದಾಗಿ ಬರೆಯಬೇಕು, ಯಾಕೆಂದರೆ ಬಸ್ಸು ಹೊರಟುಬಿಡುತ್ತದೆ. ಒಮ್ಮೆ ನಮ್ಮ ಓಣಿಯ ಗಟಾರದ ಬಗ್ಗೆ ಉದ್ದವಾಗಿ ಬರೆಯಲು ಹೋಗಿ, ಕ್ರಿಯಾಪದ ಬರೆಯುವಷ್ಟರಲ್ಲಿ ಬಸ್ಸು ಹೊರಟಿತು. ಬೆರಳು ಚಾಚಿಕೊಂಡು ಪೇಟೆಯುದ್ದಕ್ಕೂ ಓಡಿದೆ, ಸಿಗಲಿಲ್ಲ. ಕ್ರಿಯಾಪದವಿಲ್ಲದೆ ಓದಿದ ಜೋಯಿಡಾದವರು ನಾನೇ ಗಟಾರಕ್ಕೆ ಬಿದ್ದೆನೆಂದು ತಿಳಿದರು. ಇಬ್ಬರು ಬಾಳೆಹಣ್ಣು ತೆಗೆದುಕೊಂಡು ನೋಡಲು ಬಂದರು. ಅವರ ಮನಸ್ಸು ನೋಯಬಾರದೆಂದು ಸ್ವಲ್ಪ ಕುಂಟಿದೆ.

ಬರೆಯುವ ಜಾಗ ನಿಂತವರ ಕಣ್ಣಿನ ಎತ್ತರಕ್ಕಿರಬೇಕು. ಕೆಳಗೆ ಬರೆದರೆ ಆಡುಗಳು ಮಾತ್ರ ಓದುತ್ತವೆ. ಗಟ್ಟಿಯಾಗಿ ಒತ್ತಿ ಬರೆಯಬೇಕು, ಇಲ್ಲದಿದ್ದರೆ ಹೊಸ ಧೂಳು ಕೂತು ಜೋಯಿಡಾ ಮುಟ್ಟುವಷ್ಟರಲ್ಲಿ ಅರ್ಥ ಬೇರೆಯಾಗುತ್ತದೆ. ಇನ್ನು ಜಗಳ. ಯಾರೋ ಒಬ್ಬ, "ಇವ ಹೊಲಿದ ಛತ್ರಿ ಮಳಿ ಬಂದ್ರ ಒಳಗ ಸೋರತೈತಿ, ಮಳಿ ನಿಂತ ಮ್ಯಾಲ ಹೊರಗ ಸೋರತೈತಿ" ಎಂದು ಬರೆದ. ನಾನು ಉತ್ತರ ಕೊಟ್ಟೆ. ಅವನು ಮತ್ತೆ ಬರೆದ. ವಾರ ಮುಗಿಯುವಷ್ಟರಲ್ಲಿ ಬೆನ್ನು ತುಂಬಿ ಜಗಳ ಬಸ್ಸಿನ ಪಕ್ಕೆಗೆ ಬಂತು, ಹೆಂಗಸರ ಸೀಟಿನ ಕಿಟಕಿಯವರೆಗೆ ಹೋಯಿತು, ಅವರು ನಮ್ಮಿಬ್ಬರಿಗೂ ಬೈದರು. ಅಂದಿನಿಂದ ಬೈಗುಳಕ್ಕೆ ನಾನು ಕೈ ಹಚ್ಚಲಿಲ್ಲ. ಧೂಳು ತಾನೇ ಮುಚ್ಚುತ್ತದೆ.

ಹೀಗೆ ದಾಂಡೇಲಿಯಿಂದ ಕುಂಬಾರವಾಡದವರೆಗೆ ನನ್ನನ್ನು ಓದದ ಮನುಷ್ಯನಿರಲಿಲ್ಲ. ಒಬ್ಬನನ್ನು ಬಿಟ್ಟು. ಅವನೇ ಆ ಬಸ್ಸಿನ ಡ್ರೈವರ್ ಮಾರುತಿ.

ಹಳಿಯಾಳದ ಹತ್ತಿರದ ಹಳ್ಳಿಯವನು. ಆಳು ಎತ್ತರ, ಮೀಸೆ ದಪ್ಪ, ಮಾತು ಇಲ್ಲವೇ ಇಲ್ಲ. ಬಸ್ಸಿನ ಮುಂದಿನ ಗಾಜನ್ನು ಹೆಗಲ ಮೇಲಿನ ಟವೆಲ್ಲಿನಿಂದ ಹೊತ್ತುಹೊತ್ತಿಗೆ ಒರೆಸುತ್ತಿದ್ದ, ಹೂವು ಹಾಕುತ್ತಿದ್ದ. ಹಿಂದೆ ಏನಿದೆಯೆಂದು ನೋಡಿದವನಲ್ಲ. ರಿವರ್ಸ್ ಹೋಗುವಾಗಲೂ ಕಂಡಕ್ಟರನ ಸೀಟಿಯನ್ನೇ ನಂಬಿದವನು. ಆದರೆ ಪ್ರತಿ ಸ್ಟಾಪಿನಲ್ಲೂ ಬಸ್ಸಿನ ಹಿಂದೆ ಜನ ಸೇರಿ ನಗುವುದು ಅವನಿಗೆ ಕೇಳುತ್ತಿತ್ತು. ಡಿಪೋದವರನ್ನು ಕೇಳಲು ನಾಚಿಕೆಪಟ್ಟು ದಸ್ತಗೀರನ ಹತ್ತಿರ ಬಂದ.

"ದಸ್ತಗೀರಭಾಯಿ, ನನ್ನ ಬಸ್ಸಿನ ಹಿಂದ ನಿಂತು ಮಂದಿ ಯಾಕ ನಗತಾರ? ಸೈಲೆನ್ಸರ್ ಏನರ ಅಸಹ್ಯ ಸಪ್ಪಳಾ ಮಾಡತೈತೇನು?"

ದಸ್ತಗೀರ ಬಸ್ಸಿನ ಕೆಳಗೆ ಮಲಗಿ ಬಹಳ ಹೊತ್ತು ನೋಡಿದ ಹಾಗೆ ಮಾಡಿದ. ಅವನು ನಗುವ ರಭಸಕ್ಕೆ ಕೈಯಲ್ಲಿನ ನಟ್ಟು ಬಿಚ್ಚುವ ಪಾನಾ ಚಾಸಿಗೆ ಟಣಟಣ ಬಡಿಯುತ್ತಿತ್ತು. ಹೊರಗೆ ಬಂದು, "ಸ್ವಲ್ಪ ಗ್ಯಾಸ್ ಐತಿ, ಕಡಿಮಿ ಆಗತೈತಿ" ಅಂದ.

ಇಂಥ ಮನುಷ್ಯನನ್ನು ನೋಡಿಯೂ ಸುಮ್ಮನಿರಲಿಕ್ಕೆ ನಾನೇನು ಕಲ್ಲೇ? ಒಂದು ಸಂಜೆ ಬರೆದೆ: "ಈ ಬಸ್ಸಿನ ಡ್ರೈವರ್ ಮಾರುತಿಗೆ ಹೆಣ್ಣು ಬೇಕಾಗೈತಿ. ಸ್ವಭಾವ ಮೆತ್ತಗ, ಗೇರ್ ಅಷ್ಟ ಬಿರಸು."

ಬೆಳಿಗ್ಗೆ ಬಸ್ಸು ಬಂದಾಗ ಬೆನ್ನ ಮೇಲೆ ಕೈ ಇಡಲು ಜಾಗವಿರಲಿಲ್ಲ. "ಬ್ರೇಕ್ ಹತ್ತತಾವೇನು?" "ಎಷ್ಟು ಜನಾ ಕುಂಡ್ರಬಹುದು?" "ಹತ್ತಿದ ಮ್ಯಾಲ ಇಳಿಸಂಗಿಲ್ಲ ಹೌದಲ್ಲೋ?" ಎಲ್ಲ ದೊಡ್ಡ ದೊಡ್ಡ ಅಕ್ಷರ. ಕೆಳಗೆ, ನಂಬರ್ ಪ್ಲೇಟಿನ ಪಕ್ಕದಲ್ಲಿ ಮಾತ್ರ ಸಣ್ಣ ದುಂಡು ಅಕ್ಷರದ ಒಂದು ಸಾಲು: "ಮೀಸಿ ತಗದ್ರ ವಿಚಾರ ಮಾಡಬಹುದು."

ನಾನು ಕೂಡಲೇ ಮಾರುತಿಯ ಹತ್ತಿರ ಹೋಗಿ, "ಮ್ಯಾಲಿಂದ ಆರ್ಡರ್ ಬಂದೈತಂತ. ಮೀಸ್ಯಾಗ ಧೂಳು ಕುಂತು ಡ್ರೈವರ್ ಸೀನತಾನ, ಸೀನಿದ್ರ ಸ್ಟೇರಿಂಗ್ ಹೊಳ್ಳತೈತಿ. ಮೀಸಿ ಇಟಗೋಬಾರದಂತ" ಅಂದೆ. ಪಾಪದ ಮನುಷ್ಯ ಅಂದು ಮಧ್ಯಾಹ್ನವೇ ಬೋಳಿಸಿಕೊಂಡು ಬಂದ. ಬರಿಯ ತುಟಿಯ ಮೇಲೆ ಸಂಜೆಯವರೆಗೂ ಕೈ ಅಡ್ಡ ಹಿಡಿದುಕೊಂಡಿದ್ದ.

ಮರುದಿನ ಅದೇ ದುಂಡು ಅಕ್ಷರ: "ಈಗ ಮುಖ ಕಾಣತೈತಿ."

ನಾನು ಕೇಳಿದೆ: "ನೀ ಯಾರವಾ?"

ಉತ್ತರ ಬಂತು: "ದಿನಾ ಅನ್ನಾ ನೀಡಾಕಿ."

ಕುಂಬಾರವಾಡದಲ್ಲಿ ಡ್ರೈವರ್ ಕಂಡಕ್ಟರ್ ಊಟ ಮಾಡುತ್ತಿದ್ದುದು ಒಂದು ಪುಟ್ಟ ಖಾನಾವಳಿಯಲ್ಲಿ. ಅದರ ಮಾಲೀಕನ ಮಗಳು ಶೇವಂತಿ ಬಡಿಸುತ್ತಿದ್ದಳು. ಮನೆಮಾತು ಕೊಂಕಣಿ, ಶಾಲೆ ಕಲಿತದ್ದು ಕನ್ನಡ. ಕಂಡಕ್ಟರ್ ಹೇಳಿದ ಪ್ರಕಾರ, ಮಾರುತಿ ಅಲ್ಲಿ ಉಣ್ಣಲು ಶುರು ಮಾಡಿದಾಗಿನಿಂದ ಆಕೆಯೊಂದಿಗೆ ಆಡಿದ್ದು ಎರಡೇ ಮಾತು, "ಸಾಕು" ಮತ್ತು "ಇನ್ನಷ್ಟು". ಆಕೆ ಎದುರಿಗೆ ಬಂದಾಗ ಯಾವುದಕ್ಕೆ ಯಾವುದು ಅನ್ನುವುದು ಮರೆತು, ಸಾಕಾದಾಗಲೂ ಇನ್ನಷ್ಟು ಅಂದು, ಹೊಟ್ಟೆ ಹಿಡಿದುಕೊಂಡು ಏಳುತ್ತಿದ್ದನಂತೆ.

ಇದನ್ನು ಕೇಳಿ ನಾನೂ ದಸ್ತಗೀರನೂ ನಕ್ಕು ನಕ್ಕು ಸುಸ್ತಾದೆವು. ಆದರೆ ಎರಡು ದಿನ ಕಳೆದು ಬಂದ ಸಾಲು ಓದಿ ನಗು ನಿಂತಿತು. "ಅನಮೋಡದವರು ನನ್ನ ನೋಡಾಕ ಬರಾಕತ್ತಾರ. ಅಪ್ಪ ಹೂಂ ಅನ್ನೂ ಹಂಗದಾನ. ಇಲ್ಲಿ ಬರದದ್ದು ಡ್ರೈವರ್ರ ಮಾತೋ, ಮತ್ತ ಯಾರದೋ?"

ಅದರ ಸುತ್ತ ದಾರಿಯ ಜನ ಆಗಲೇ ಉತ್ತರ ಬರೆದಿದ್ದರು. "ಅವಂದ." "ದೇವರಾಣಿ ಅವಂದ." ನಾನೂ ಹೆಬ್ಬೆರಳು ಎತ್ತಿದೆ. ಬೆರಳು ಗಾಳಿಯಲ್ಲೇ ನಿಂತಿತು. ಬರೆಯಲು ಹೋಗಿ ನಾನು ತಡವರಿಸಿದ್ದು ಅದೊಂದೇ ಸಲ, ಬೇಕಾದರೆ ದಸ್ತಗೀರನನ್ನು ಕೇಳಿ.

ದಸ್ತಗೀರ ಕೈ ಒರೆಸಿಕೊಳ್ಳುತ್ತ ಬಂದ. "ಹಿಂಗ ನೀನ ಬರಕೋತ ಹೋದ್ರ ಆಕಿ ನಿನ್ನ ಜೋಡಿ ಲಗ್ನಕ್ಕ ತಯಾರಾಗತಾಳ. ಮನ್ಯಾಗ ಹೇಣ್ತಿಗೆ ಏನ್ ಹೇಳ್ತಿ?"

ಇಬ್ಬರೂ ಮಾರುತಿಯ ಎರಡೂ ರಟ್ಟೆ ಹಿಡಿದು ಬಸ್ಸಿನ ಹಿಂದಕ್ಕೆ ಕರೆದುಕೊಂಡು ಹೋದೆವು.

"ಇದು ಯಾರ ಬಸ್ಸು?" ಅಂದ.

"ನಿಂದ."

"ನಂದು ಹಿಂಗಿಲ್ಲ."

ಆಮೇಲೆ ತುಟಿ ಅಲ್ಲಾಡಿಸುತ್ತ ಒಂದೊಂದೇ ಸಾಲು ಓದಿದ. ಮೀಸೆಯ ಸಾಲಿಗೆ ಬಂದಾಗ ಕೈ ತಾನಾಗಿ ತುಟಿಯ ಮೇಲೆ ಹೋಯಿತು.

"ಆ ಆರ್ಡರ್?"

"ನಂದ," ಅಂದೆ.

ಕೊನೆಯ ಸಾಲನ್ನು ಮತ್ತೆ ಮೊದಲಿಂದ ಓದಿದ. ಕಿವಿ ಕೆಂಪಾದವು. ನಾನು ಅವನ ಬೆನ್ನು ತಟ್ಟಿ, "ಆಕಿ ಅಂದ್ರ ನಿನಗ ಮನಸೈತೋ ಇಲ್ಲೋ? ಇದ್ರ ಬರಿ. ನಿನ್ನ ಕೈಲೇ ಬರಿ, ಹೆಂಗ ಬರೀಬೇಕು ನಾ ಹೇಳ್ತೇನಿ" ಅಂದೆ. ಅವನು ನಲ್ಲಿಯ ಕಡೆ ಹೋದ. ಹೋಗಿ ಬಕೀಟು ತಂದ. ಬಸ್ಸಿನ ಬೆನ್ನಿಗೆ ನೀರು ಹೊಡೆದು, ಒಂದಕ್ಷರ ಉಳಿಯದ ಹಾಗೆ ತೊಳೆದುಬಿಟ್ಟ. ಸಂಜೆ ಓದಲಿಕ್ಕೆಂದು ಬಂದಿದ್ದವರು ಅಯ್ಯೋ ಅಂದರು. ಆ ಬಸ್ಸಿನ ಹಿಂಭಾಗದ ಬಣ್ಣ ಯಾವುದೆಂದು ನಾನು ನೋಡಿದ್ದು ಅಂದೇ.

"ಮುಗೀತ ತಗೋ. ಹುಡುಗಿ ಅನಮೋಡಕ್ಕ ಹೋತು," ಅಂದೆ ದಸ್ತಗೀರನಿಗೆ. ಮಾರುತಿ ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿ ಹೊರಟ.

ಮರುದಿನ ಬೆಳಿಗ್ಗೆ ಅರ್ಧ ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿತ್ತು. ಯಾರನ್ನು ಕೇಳಿದರೂ ಹಳಿಯಾಳಕ್ಕೆ ಹೋಗುವುದಿದೆ ಅನ್ನುತ್ತಿದ್ದರು. ಹಳಿಯಾಳದ ಬಸ್ಸು ಬಂತು, ಖಾಲಿ ಹೋಯಿತು. ಆಮೇಲೆ ವಸ್ತಿ ಬಸ್ಸು ಬಂತು. ಎಲ್ಲರೂ ಅದರ ಹಿಂದಕ್ಕೆ ಓಡಿದೆವು. ಹೊಸ ಧೂಳು. ಒಂದು ಗೆರೆಯೂ ಇಲ್ಲ.

"ಏಯ್, ಮುಂದ ಬಾರೋ," ಎಂದು ದಸ್ತಗೀರ ಕೂಗಿದ.

ಗಾಜಿನ ಮೇಲೆ ಕಣ ಕೂತರೆ ಬಸ್ಸು ನಿಲ್ಲಿಸುವ ಮಾರುತಿ ಅಂದು ಗಾಜು ಒರೆಸಿರಲಿಲ್ಲ. ಸ್ಟೇರಿಂಗಿನ ನೇರ ಮುಂದೆ, ಕೆಳಗಿನ ಮೂಲೆಯಲ್ಲಿ, ಧೂಳಿನ ಮೇಲೆ ಎರಡು ಸಣ್ಣ ಸಾಲು. ಅಕ್ಷರ ಅವೇ ದುಂಡು, ಆದರೆ ಎಲ್ಲವೂ ತಿರುವುಮುರುವು. ಹೊರಗೆ ನಿಂತ ನಮಗೆ ಒಂದೂ ಓದಲು ಬಾರದು. ಡ್ರೈವರನ ಸೀಟಿನಲ್ಲಿ ಕೂತವನಿಗೆ ಮಾತ್ರ ಸುಲಿದ ಬಾಳೆಹಣ್ಣು.

ಕಂಡಕ್ಟರ್ ನಡೆದದ್ದು ಹೇಳಿದ: "ನಿನ್ನೆ ಉಂಡು ಕೈ ತೊಳಕೊಂಡವ ಸೀದಾ ಹೋಗಿ ಆಕಿ ಮುಂದ ನಿಂತು ಏನೋ ಅಂದನ್ರಿ. ಸಾಕೂ ಅಲ್ಲ, ಇನ್ನಷ್ಟೂ ಅಲ್ಲ, ಉದ್ದ ಮಾತು. ಉಣ್ಣಾವರೆಲ್ಲಾ ಜಗಿಯೂದು ನಿಲ್ಲಿಸಿದ್ರು, ಆದ್ರೂ ಕೇಳಲಿಲ್ಲ. ಆಕಿ ಒಳಗ ಹೋದ್ಲು. ಇವತ್ತ ಮುಂಜಾನೆ ಕೈಯಾಗ ಕನ್ನಡಿ ಹಿಡಕೊಂಡು ಬಂದು, ಬಂಪರ್ ಮ್ಯಾಲ ಹತ್ತಿ, ಕನ್ನಡ್ಯಾಗ ನೋಡಕೋತ ಬರದ್ಲು. ಅವರಪ್ಪ ಒಳಗಿಂದ ಕರದ ಕರದ. ಪೂರಾ ಬರದ ಇಳದ್ಲು."

"ನೀ ಓದಲಿಲ್ಲೇನ?"

"ಹೆಂಗ ಓದಲಿ? ಹತ್ತರ ಹೋದ್ರ ನನ್ನ ಮಾರಿ ಮ್ಯಾಲ ಟವೆಲ್ ಒಗದಾನ."

ನಾನು ಡ್ರೈವರನ ಬಾಗಿಲಿಗೆ ಹೋದೆ. "ಮಾರುತಿ, ಸ್ವಲ್ಪ ಇಳಿ. ಸ್ಟೇರಿಂಗ್ ಹೆಂಗೈತಿ ನೋಡತೇನಿ."

"ಚಲೋ ಐತಿ."

"ಸೀಟಿನ್ಯಾಗ ತಿಗಣಿ ಅದಾವಂತ."

"ನಂಗ ಕಡದಿಲ್ಲ."

ಇಳಿದು ಬಾಗಿಲು ಹಾಕಿದ. ಇನ್ನೊಮ್ಮೆ ಗಾಜಿನತ್ತ ನೋಡಿ, ಹೆಗಲ ಮೇಲಿನ ಟವೆಲ್ಲಿನಿಂದ ಮೆಲ್ಲಗೆ ಒರೆಸಿದ. ಅಷ್ಟರಲ್ಲಿ ನಾನು ಅಂಗೈ ಮೇಲೆ ಪೆನ್ನಿನಿಂದ ಕಂಡಷ್ಟು ಗೀಚಿಕೊಂಡಿದ್ದೆ. ಕಟಿಂಗ್ ಅಂಗಡಿಗೆ ಓಡಿ ಕನ್ನಡಿಗೆ ಹಿಡಿದೆ. ಅಂಗಡಿಯವನು ಬಗ್ಗಿ ನೋಡಿ, "ಎರಡ ಸೊನ್ನಿ, ಒಂದ ಕೊಂಬು ಕಾಣತಾವ. ನೀವು ಕಟಿಂಗ್ ಮಾಡಸ್ತೀರೋ ಇಲ್ಲೋ?" ಅಂದ. ಮಾಡಿಸಿಕೊಂಡು ಬಂದೆ.

ಅನಮೋಡದವರು ಬಂದರು, ಊಟ ಮಾಡಿದರು, ಹುಡುಗಿ ಒಲ್ಲೆ ಅಂದದ್ದು ಕೇಳಿ ಹೋದರು. ಅಪ್ಪ ಕೆಲವು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಒಪ್ಪಿದ. ಕುಂಬಾರವಾಡದ ಮದುವೆಗೆ ನಾವೆಲ್ಲ ಅದೇ ಬಸ್ಸಿನಲ್ಲಿ ಹೋದೆವು. ನಾನು ಹಿಂದೆ ಸುಳಿಯದ ಹಾಗೆ ಕಂಡಕ್ಟರನನ್ನು ಕಾವಲಿಗೆ ನಿಲ್ಲಿಸಿದ್ದರು. ಮುಂದೆ ರಸ್ತೆಗೆ ಡಾಂಬರು ಬಂತು, ಊರಿಗೆ ಫೋನು ಬಂತು. ಧೂಳು ಹೋಯಿತು, ನನ್ನ ಓದುಗರೂ ಹೋದರು.

ಎಷ್ಟೋ ವರ್ಷದ ಮೇಲೆ ಶೇವಂತಿ ಹಳಿಯಾಳದಿಂದ ಬಂದವಳು ಕಡ್ಡಿ ಮುರಿದ ಛತ್ರಿ ಹಿಡಿದು ನನ್ನ ಅಂಗಡಿಗೆ ಬಂದಳು. ಹೊಲಿಯುತ್ತ ಹೊಲಿಯುತ್ತ ಕೇಳಿಯೇಬಿಟ್ಟೆ: "ಅವತ್ತ ಗಾಜಿನ ಮ್ಯಾಲ ಏನ್ ಬರದಿದ್ದಿ ಯವ್ವಾ?"

ಆಕೆ ನನ್ನ ಮುಖ ನೋಡಿದಳು, ರಸ್ತೆ ನೋಡಿದಳು. ಹೇಳಿದಳು. ಎರಡೂ ಸಾಲು.

ಸೂಜಿ ನನ್ನ ಕೈಯಲ್ಲೇ ಉಳಿಯಿತು. "ನಂಗ ಹೇಳಿದ್ಯಲ್ಲ, ನಾಳೆ ಮುಂಡಗೋಡದ ತನಕಾ ಗೊತ್ತಾಗತೈತಿ," ಅಂದೆ.

"ಗೊತ್ತಾಗಂಗಿಲ್ರಿ ಕಾಕಾ," ಎಂದು ಛತ್ರಿ ಬಿಚ್ಚಿ ನೋಡಿ, ಮಡಚಿಕೊಂಡು ಹೋದಳು.

ಇಂಥ ಮಾತು ನನಗೆ ಯಾರೂ ಅಂದವರಲ್ಲ. ನನ್ನ ಹೆಂಡತಿ ತಾನು ಯಾವ ದೇವರಿಗೆ ಹರಕೆ ಹೊತ್ತಿದ್ದೇನೆಂಬುದನ್ನೂ ನನಗೆ ಹೇಳುವುದಿಲ್ಲ, ದೇವರಿಗಿಂತ ಮೊದಲು ಓಣಿಗೆ ಗೊತ್ತಾಗುತ್ತದೆಂದು.

ಇಷ್ಟನ್ನೂ ಒಂದೇ ಬೆರಳಿನಿಂದ ಟೈಪು ಮಾಡಿ ತಲೆ ಎತ್ತಿದರೆ, ಶಬಾನಾ ಬೇರೆ ಗಿರಾಕಿಗಳನ್ನೆಲ್ಲ ಮರೆತು ಇನ್ನೂ ನನ್ನ ಹೆಗಲ ಹಿಂದೆಯೇ ನಿಂತು ಓದುತ್ತಿದ್ದಳು.

"ಏನ್ ಬರದಿದ್ಲು ಕಾಕಾ?"

"ಮರತೇನಿ."

"ಸುಳ್ಳ."

"ಹೂಂ."

"ಅಪ್ಪಗರ ಹೇಳೀರಿಲ್ಲೋ?"

"ನಿಮ್ಮಪ್ಪ ಇನ್ನೂ ಕೇಳಾಕತ್ತಾನ."

"ಇಷ್ಟ ಬರದು ಅದನ್ನ ಬಿಟ್ರ ಓದಿದವರು ಬೈತಾರ್ರಿ."

ಬೈಯಲಿ. ನೀವೂ ಬೈಯಿರಿ, ಕೆಳಗೆ ಜಾಗ ಬಿಟ್ಟಿದ್ದಾಳಂತೆ. ನಾನು ಕೀಬೋರ್ಡಿನ ಮೇಲೆಲ್ಲ ಹುಡುಕಿದೆ, ಕೊನೆಗೆ ಇಡುವ ಚುಕ್ಕಿ ಸಿಗಲಿಲ್ಲ. ಇಲ್ಲಿಯವರೆಗಿನ ಪೂರ್ಣವಿರಾಮಗಳನ್ನೆಲ್ಲ ಹಿಂದಿನಿಂದ ಕೈ ಚಾಚಿ ಅವಳೇ ಹಾಕಿದ್ದು. ಈ ಒಂದಕ್ಕೆ ಮಾತ್ರ, ಅದು ಯಾವ ಕೀಲಿ ಎಂದು ಕೇಳಿ ತಿಳಿದು ನಾನೇ ಒತ್ತಿದೆ.